ಕಾವಿಗೆ ಕೂರದ ಕೋಳಿ

ಕೋಲ್ಕತ್ತದ ಚಾಂದನಿ ಚೌಕ್ ಮಾರುಕಟ್ಟೆಯಲ್ಲಿ ಸುಮಾರು ಒಂದೂವರೆ ಸಾವಿರ ರೂಪಾಯಿ ಹಿಡಿದು ಅಡ್ಡಾಡಿದರೆ, ಕೋಳಿಯೇ ಇಲ್ಲದೆ ಕೋಳಿಮರಿ ಮಾಡಲು ಬೇಕಾದ ಸಾಮಾನೆಲ್ಲ ಸಿಗುತ್ತದೆ. ತಾಪಮಾನ ನೋಡಿಕೊಂಡು ತಾನೇ ಸ್ವಿಚ್ ಹಾಕಿ ಆರಿಸುವ ಒಂದು ಸಣ್ಣ ಸರ್ಕ್ಯೂಟ್, ಹಳೇ ಕಂಪ್ಯೂಟರಿನ ಫ್ಯಾನು, ಎರಡು ಬಲ್ಬು, ತೇವಾಂಶ ತೋರಿಸುವ ಮೀಟರು. ಮೀನು ಮಾರುವವರಿಂದ ಒಂದು ಥರ್ಮಾಕೋಲ್ ಡಬ್ಬ ಕೇಳಿ ತಂದರೆ ಮುಗಿಯಿತು. 21 ದಿನಕ್ಕೆ ಮರಿ.

ಇದು ಈಗ ಪಟ್ಟಣದವರ ಹವ್ಯಾಸ. ಬೆಂಗಳೂರಿನಲ್ಲಿರುವ ನನ್ನ ಗೆಳೆಯರಲ್ಲೇ ಮೂರು ಜನ ಬಾಲ್ಕನಿಯಲ್ಲಿ ಮರಿ ಮಾಡಿದ್ದಾರೆ. ಮಕ್ಕಳಿಗೆ ಪಾಠವಾಯಿತು, ಫೋಟೋ ಆಯಿತು, ಆಮೇಲೆ ಆರು ವಾರ ಕಳೆಯುವ ಹೊತ್ತಿಗೆ ‘ಯಾರಾದರೂ ಕೋಳಿ ತಗೊಳ್ತೀರಾ’ ಎಂಬ ಮೆಸೇಜು. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಈ ಪೆಟ್ಟಿಗೆ ಹೋಗಬೇಕಾದ ಮನೆಗೆ ಹೋಗಿಲ್ಲ ಎಂಬುದು ನನ್ನ ತಕರಾರು. ನಮ್ಮ ಸರ್ಕಾರಗಳು ಮೂವತ್ತು ನಲವತ್ತು ವರ್ಷದಿಂದ ಹಳ್ಳಿಯ ಹೆಂಗಸರಿಗೆ ಮರಿ ಹಂಚುತ್ತಿವೆ, ಮರಿ ಮಾಡುವ ದಾರಿಯನ್ನು ಹಂಚುತ್ತಿಲ್ಲ.

ನಾನು ಹಾಸನ ಜಿಲ್ಲೆಯವನು. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಕಾರ್ಖಾನೆಗಳಲ್ಲಿ ತಾಪಮಾನ, ಒತ್ತಡ ಅಳೆಯುವ ಉಪಕರಣಗಳನ್ನು ಹೊಂದಿಸುವುದು ನನ್ನ ಕೆಲಸ, ಹಾಗಾಗಿ ಇಂಥ ಪೆಟ್ಟಿಗೆ ಕಂಡರೆ ಕೈ ತುರಿಸುವುದು ಸಹಜ. ಗಡಿಯಾದಲ್ಲಿ ನೆಲಮಹಡಿಯ ಬಾಡಿಗೆ ಮನೆ, ಹಿಂದೆ ಒಂದು ಬೇವಿನ ಮರದಷ್ಟು ಅಂಗಳ. ನಮ್ಮ ಮನೆಗೆ ಅಡುಗೆಗೆ ಬರುವ ದೀದಿ ಕ್ಯಾನಿಂಗ್ ಕಡೆಯವರು. ಬೆಳಗಿನ ಲೋಕಲ್ ರೈಲಿನಲ್ಲಿ ಬಂದು ಮಧ್ಯಾಹ್ನದ ರೈಲಿಗೆ ವಾಪಸು ಹೋಗುವ ಸಾವಿರಾರು ಹೆಂಗಸರಲ್ಲಿ ಒಬ್ಬರು. ಈ ಪೆಟ್ಟಿಗೆಯ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರು ಅವರೇ.

ಅವರ ಸ್ವಸಹಾಯ ಗುಂಪಿನ ಮೂಲಕ ಒಂದು ಸಲ ಹತ್ತು ಮರಿ ಸಿಕ್ಕಿದ್ದವಂತೆ. ಕೆಂಪು ಗರಿಯ ರೋಡ್ ಐಲ್ಯಾಂಡ್ ರೆಡ್, ಬಂಗಾಳದ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ತಳಿ. ಉಳಿದುಕೊಂಡ ಆರೂ ಚೆನ್ನಾಗಿ ಮೊಟ್ಟೆ ಇಟ್ಟವು. ನಾಟಿ ಹ್ಯಾಟೆ ವರ್ಷಕ್ಕೆ ಅರವತ್ತೋ ಎಪ್ಪತ್ತೋ ಇಟ್ಟರೆ ಇವು ಅದರ ಎರಡು ಪಟ್ಟಿಗೂ ಮಿಗಿಲು. ಆದರೆ ಒಂದೂ ಕಾವಿಗೆ ಕೂರಲಿಲ್ಲ. ಎರಡು ವರ್ಷಕ್ಕೆ ಕೋಳಿ ಮುದಿಯಾದವು, ಮೊಟ್ಟೆ ಕಡಿಮೆಯಾಯಿತು, ಮಾರಿದರು. ಗೂಡು ಖಾಲಿ. ‘ದಾದಾ, ಈ ಕೋಳಿಗೆ ತಾ ಕೊಡೋದೇ ಗೊತ್ತಿಲ್ಲ’ ಎಂದರು ದೀದಿ.

‘ತಾ’ ಎಂದರೆ ಬಂಗಾಳಿಯಲ್ಲಿ ಕಾವು. ನಮ್ಮಲ್ಲಿ ಕಾವು ಅಂದರೆ ಬಿಸಿಯೂ ಹೌದು, ಕೋಳಿ ಮೊಟ್ಟೆಯ ಮೇಲೆ ಕೂರುವ ಆ ಸ್ಥಿತಿಯೂ ಹೌದು. ಬಂಗಾಳಿಯವರೂ ತಾಪಕ್ಕೆ ಸಂಬಂಧಿಸಿದ ಮಾತಿನಿಂದಲೇ ಅದನ್ನು ಕರೆಯುತ್ತಾರೆ. (ಮೊಟ್ಟೆಯ ಬಗ್ಗೆ ಇವರ ಮಾತುಗಳ ಸೊಗಸೇ ಬೇರೆ. ಏನೂ ಇಲ್ಲ ಎನ್ನಲು ‘ಘೋಡಾರ್ ದಿಮ್’, ಅಂದರೆ ಕುದುರೆ ಮೊಟ್ಟೆ. ಪರೀಕ್ಷೆಯ ದಿನ ಮಕ್ಕಳಿಗೆ ಮೊಟ್ಟೆ ಕೊಡುವುದಿಲ್ಲ, ಸೊನ್ನೆ ಬರುತ್ತದೆಂದು.)

ಕೋಳಿಗೆ ‘ಗೊತ್ತಿಲ್ಲ’ ಎಂದರೆ ಅದು ಮರೆತದ್ದಲ್ಲ, ನಾವು ಮರೆಸಿದ್ದು. ಕಾವಿಗೆ ಕೂತ ಹ್ಯಾಟೆ ಮೂರು ವಾರ ಮೊಟ್ಟೆ ಇಡುವುದಿಲ್ಲ, ಮರಿಗಳ ಹಿಂದೆ ಅಲೆಯುವ ಮುಂದಿನ ಎರಡು ತಿಂಗಳೂ ಇಡುವುದಿಲ್ಲ. ಮೊಟ್ಟೆ ಉದ್ಯಮಕ್ಕೆ ಇದು ಶುದ್ಧ ನಷ್ಟ. ಹಾಗಾಗಿ ತಳಿ ಬೆಳೆಸಿದವರು ಕಾವಿಗೆ ಕೂರದ ಕೋಳಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋದರು. ಲೆಗ್‌ಹಾರ್ನ್‌ನಲ್ಲಿ ಆ ಸ್ವಭಾವ ಹೆಚ್ಚುಕಡಿಮೆ ಅಳಿಸಿಯೇ ಹೋಗಿದೆ. ರೋಡ್ ಐಲ್ಯಾಂಡ್ ರೆಡ್‌ನಲ್ಲಿ ಅಪರೂಪ. ಬಂಗಾಳದ ಹಳ್ಳಿಗಳಲ್ಲಿ ಸೈಕಲ್ ಮೇಲೆ ಬುಟ್ಟಿ ಕಟ್ಟಿಕೊಂಡು ಮಾರುವ ಕುರಾಯ್ಲರ್ ಮರಿಗಳದ್ದೂ ಅದೇ ಕಥೆ. ಹ್ಯಾಚರಿ ಇದ್ದವರಿಗೆ ತೊಂದರೆಯಿಲ್ಲ. ಹ್ಯಾಚರಿ ಇಲ್ಲದವರ ಮನೆಗೆ ಅದೇ ಕೋಳಿ ಹೋದಾಗ, ಅವರು ಪ್ರತಿ ಎರಡು ವರ್ಷಕ್ಕೊಮ್ಮೆ ಮರಿಗಾಗಿ ಇನ್ನೊಬ್ಬರ ಮುಂದೆ ಕೈಚಾಚಬೇಕು.

ನಮ್ಮ ಕಡೆಯೂ ಬೇರೆಯಲ್ಲ. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಗಿರಿರಾಜ ಕೋಳಿಯನ್ನು ತಂದದ್ದು 1980ರ ದಶಕದ ಕೊನೆಗೆ. ಹಿತ್ತಿಲಲ್ಲಿ ಬದುಕುವ, ಬಣ್ಣಬಣ್ಣದ ಗರಿಯ, ನಾಟಿಯಂತೆ ಕಾಣುವ, ಅದಕ್ಕಿಂತ ಬೇಗ ತೂಕ ಬರುವ ಕೋಳಿ. ಒಳ್ಳೆಯ ಕೆಲಸವೇ. ಗಿರಿರಾಜ ಎಷ್ಟು ಮನೆಗಳಲ್ಲಿ ಶಾಲೆ ಫೀಸು ಕಟ್ಟಿದೆಯೋ ಲೆಕ್ಕವಿಲ್ಲ. ಆದರೆ ಅದು ಮಿಶ್ರತಳಿ. ಅದರ ಮೊಟ್ಟೆಯನ್ನು ಮರಿ ಮಾಡಲು ಇಡಬೇಡಿ, ಮುಂದಿನ ಪೀಳಿಗೆಯಲ್ಲಿ ಆ ಗುಣ ಉಳಿಯುವುದಿಲ್ಲ ಎಂಬುದು ಅದರ ಜೊತೆಗೇ ಬಂದ ಸಲಹೆ. ಹೈಬ್ರಿಡ್ ಜೋಳದ ಬೀಜದ ಹಾಗೆ. ನಮ್ಮೂರಲ್ಲಿ ಗಿರಿರಾಜ ಬಂದ ಮೇಲೆ ಅನೇಕರು ನಾಟಿ ಹ್ಯಾಟೆ ಬಿಟ್ಟರು. ಅವ್ವ ಬಿಡಲಿಲ್ಲ. ಎರಡು ನಾಟಿ ಹ್ಯಾಟೆಯನ್ನು ಕಾವಿಗೆಂದೇ ಇಟ್ಟುಕೊಂಡಿದ್ದಳು. ಅಕ್ಕಪಕ್ಕದವರು ಅವರ ಹ್ಯಾಟೆಗಳ ಮೊಟ್ಟೆಯನ್ನು ನಮ್ಮ ಮಂಕರಿಗೆ ತಂದು ಇಡುತ್ತಿದ್ದರು, ಮರಿಯಾದ ಮೇಲೆ ಅರ್ಧ ನಮಗೆ, ಅರ್ಧ ಅವರಿಗೆ. ಇದಕ್ಕೆ ವಾರ ಅನ್ನುತ್ತಿದ್ದರು, ಹೊಲ ವಾರಕ್ಕೆ ಕೊಟ್ಟ ಹಾಗೆ.

ಅವ್ವನ ಪದ್ಧತಿಯಲ್ಲಿ ಅರ್ಧ ವಿಜ್ಞಾನ, ಅರ್ಧ ನಂಬಿಕೆ. ಮಂಕರಿಗೆ ಬೂದಿ ಹರಡಿ ಮೇಲೆ ಹುಲ್ಲು. ಬೂದಿ ಹೇನಿಗೆ. ಮೊಟ್ಟೆ ಬೆಸಸಂಖ್ಯೆಯಲ್ಲಿ ಇಡಬೇಕು, ಹನ್ನೊಂದೋ ಹದಿಮೂರೋ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಇದ್ದಿಲು, ಒಂದು ಕಬ್ಬಿಣದ ಚೂರು. ಮೊಟ್ಟೆ ತೊಳೆಯುವಂತಿಲ್ಲ. ಇದು ಪಕ್ಕಾ ವಿಜ್ಞಾನ: ಮೊಟ್ಟೆಯ ಮೇಲೊಂದು ಕಾಣದ ಪೊರೆಯಿದೆ, ತೊಳೆದರೆ ಅದು ಹೋಗಿ ಚಿಪ್ಪಿನ ರಂಧ್ರಗಳಿಂದ ರೋಗಾಣು ಒಳಗೆ ಸೇರುತ್ತದೆ. ಒಂದು ವಾರಕ್ಕಿಂತ ಹಳೆಯ ಮೊಟ್ಟೆ ಬೇಡ ಎನ್ನುತ್ತಿದ್ದಳು. ಪಶುವೈದ್ಯ ಕಾಲೇಜಿನವರೂ ಅದನ್ನೇ ಹೇಳುತ್ತಾರೆ.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಕೋಲ್ಕತ್ತ ತನ್ನದೇ ಲೆಕ್ಕ ಹಾಕುತ್ತದೆ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ. ಮೊದಲ 18 ದಿನ ತೇವಾಂಶ ಶೇ 50ರಿಂದ 55, ಕೊನೆಯ ಮೂರು ದಿನ ಶೇ 65 ದಾಟಬೇಕು. 18ನೇ ದಿನದವರೆಗೆ ದಿನಕ್ಕೆ ಕನಿಷ್ಠ ಮೂರು ಸಲ ಮೊಟ್ಟೆ ಹೊರಳಿಸಬೇಕು, ಇಲ್ಲವಾದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಇದು ಎಲ್ಲ ಪುಸ್ತಕದಲ್ಲೂ ಇದೆ. ಎಲ್ಲ ಪುಸ್ತಕದಲ್ಲೂ ‘ಪೆಟ್ಟಿಗೆಯಲ್ಲಿ ಒಂದು ಬಟ್ಟಲು ನೀರಿಡಿ’ ಎಂದೂ ಇದೆ. ಆಷಾಢದಲ್ಲಿ ಕೋಲ್ಕತ್ತದಲ್ಲಿ ಹಾಗೆ ಮಾಡಿದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ.

ಯಾಕೆ? ಮಳೆಗಾಲದಲ್ಲಿ ಇಲ್ಲಿನ ಕೋಣೆಯ ಗಾಳಿ 30 ಡಿಗ್ರಿ, ತೇವಾಂಶ ಶೇ 85. ಅದೇ ಗಾಳಿಯನ್ನು 37.5ಕ್ಕೆ ಬಿಸಿ ಮಾಡಿದರೆ, ಒಂದು ಹನಿ ನೀರೂ ಸೇರಿಸದೆ, ತೇವಾಂಶ ಶೇ 55ರ ಹತ್ತಿರ ನಿಲ್ಲುತ್ತದೆ. ಬೇಕಾದದ್ದು ಅಷ್ಟೇ. ಡಿಸೆಂಬರಿನಲ್ಲಿ ಕೋಣೆ 20 ಡಿಗ್ರಿ, ತೇವಾಂಶ ಶೇ 60 ಇದ್ದರೆ, ಅದೇ ಪೆಟ್ಟಿಗೆಯಲ್ಲಿ ಅದು ಶೇ 22ಕ್ಕೆ ಇಳಿಯುತ್ತದೆ. ಆಗ ಒಂದಲ್ಲ, ಎರಡು ಬಟ್ಟಲು ಬೇಕು. 24 ಡಿಗ್ರಿಯ ಬೆಂಗಳೂರಿನಲ್ಲಿ ಇನ್ನೊಂದು ಲೆಕ್ಕ. ಮೊಟ್ಟೆ ಈ ಮೂರು ವಾರದಲ್ಲಿ ತನ್ನ ತೂಕದ ಶೇ 12ರಷ್ಟನ್ನು ಆವಿಯಾಗಿ ಕಳೆದುಕೊಳ್ಳಬೇಕು. ಹಾಗೆ ಕಳೆದುಕೊಂಡಷ್ಟು ಅದರ ದಪ್ಪ ತುದಿಯ ಗಾಳಿಗೂಡು ದೊಡ್ಡದಾಗುತ್ತದೆ. ಮರಿ ಚಿಪ್ಪು ಒಡೆಯುವ ಮೊದಲು ಕೊಕ್ಕನ್ನು ಆ ಗಾಳಿಗೂಡಿಗೆ ಚುಚ್ಚಿ ಮೊದಲ ಉಸಿರು ಎಳೆಯುವುದು. ತೇವ ಹೆಚ್ಚಾದರೆ ಗೂಡು ಚಿಕ್ಕದಾಗುತ್ತದೆ, ಮರಿ ದ್ರವದಲ್ಲೇ ಉಸಿರುಗಟ್ಟುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಮೊಟ್ಟೆ ತೂಗುವುದು ಯಾವ ಮೀಟರಿಗಿಂತಲೂ ನಂಬಿಕಸ್ಥ.

ಕರೆಂಟು ಹೋದರೆ? ಎಲ್ಲರ ಮೊದಲ ಪ್ರಶ್ನೆ ಇದು. ಚೈತ್ರ ವೈಶಾಖದ ಸಂಜೆ ಕಾಲ್‌ಬೈಶಾಖಿ ಬಿರುಗಾಳಿ ಬೀಸಿದರೆ ಮರ ಬಿದ್ದು ತಂತಿ ಹರಿದು ಮೂರು ನಾಲ್ಕು ಗಂಟೆ ಕತ್ತಲೆ. ಆದರೂ ಅಷ್ಟು ಹೆದರಬೇಕಿಲ್ಲ. ಹ್ಯಾಟೆಯೂ ದಿನಕ್ಕೊಮ್ಮೆ ಮೇಯಲು ಎದ್ದು ಹೋಗುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿದರೆ ಸಾಕು. ತಂಪನ್ನು ಭ್ರೂಣ ಕೆಲವು ಗಂಟೆ ತಡೆಯುತ್ತದೆ, ಬಿಸಿಯನ್ನು ತಡೆಯುವುದಿಲ್ಲ. ಹೊರಗೆ 39 ಡಿಗ್ರಿ ಇರುವ ಮೇ ತಿಂಗಳಲ್ಲಿ ಬಲ್ಬು ಆರಿದ್ದರೂ ಪೆಟ್ಟಿಗೆ ಮಿತಿ ಮೀರುತ್ತದೆ. ಅಪಾಯ ಅಲ್ಲಿದೆ. ಕಾರ್ತಿಕದಿಂದ ಮಾಘದವರೆಗೆ ಮಾಡುವುದು ಒಳ್ಳೆಯದು.

ಇದನ್ನು ಇಷ್ಟು ಹೇಳಿದ್ದು ಏಕೆಂದರೆ, ‘ಹಳ್ಳಿಯವರಿಗೆ ಇದೆಲ್ಲ ಆಗುತ್ತದೆಯೇ, ತಾಂತ್ರಿಕ ವಿಷಯ’ ಎಂಬ ಮಾತನ್ನು ಓದಿದವರಿಂದಲೇ ಕೇಳಿದ್ದೇನೆ. ಪಕ್ಕದ ಬಾಂಗ್ಲಾದೇಶದ ಹಾವರ್ ಪ್ರದೇಶದಲ್ಲಿ, ಮಳೆಗಾಲದಲ್ಲಿ ಸಮುದ್ರವಾಗುವ ಆ ತಗ್ಗು ನೆಲದಲ್ಲಿ, ಕರೆಂಟೇ ಇಲ್ಲದೆ ಭತ್ತದ ಹೊಟ್ಟಿನಲ್ಲಿ ಬಾತುಕೋಳಿ ಮರಿ ಮಾಡುತ್ತಾರೆ. ಮೊಟ್ಟೆಗಳನ್ನು ಬಿಸಿಲಿಗೆ ಕಾಯಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಸುತ್ತ ಹೊಟ್ಟು ತುಂಬಿದ ಬಿದಿರಿನ ದುಂಡು ಬುಟ್ಟಿಗೆ ಇಳಿಸುತ್ತಾರೆ. ಜಾಣತನ ಇರುವುದು ಜೋಡಣೆಯಲ್ಲಿ. ಎರಡು ವಾರ ದಾಟಿದ ಮೊಟ್ಟೆಯೊಳಗಿನ ಭ್ರೂಣ ತಾನೇ ಶಾಖ ಹೊರಹಾಕುತ್ತದೆ. ಅಂಥ ಹಳೆಯ ಮೊಟ್ಟೆಗಳ ಪಕ್ಕ ಹೊಸ ಮೊಟ್ಟೆ ಇಟ್ಟರೆ ಅಣ್ಣನ ಬಿಸಿಯಲ್ಲಿ ತಮ್ಮ ಬೆಳೆಯುತ್ತಾನೆ. ಚಳಿ ಹೆಚ್ಚಿದ್ದರೆ ಒಂದು ಲಾಟೀನು. ಥರ್ಮಾಮೀಟರು ಬರುವ ಎಷ್ಟೋ ಶತಮಾನ ಮೊದಲೇ ಈಜಿಪ್ಟಿನವರು ಮಣ್ಣಿನ ಒಲೆಮನೆಗಳಲ್ಲಿ ಸಾವಿರಗಟ್ಟಲೆ ಮರಿ ಮಾಡುತ್ತಿದ್ದರು. ಬಿಸಿ ಸರಿಯಿದೆಯೇ ಎಂದು ನೋಡಲು ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದರು. ಇದನ್ನು ಕೇಳಿದ ದೀದಿ ನಕ್ಕು, ತಮ್ಮ ಅಜ್ಜಿ ಮೊಟ್ಟೆಯನ್ನು ಕೆನ್ನೆಗೆ ಹಿಡಿಯುತ್ತಿದ್ದಳು ಎಂದರು.

ದೀದಿ ತಂದ ಮೊಟ್ಟೆ ಹದಿನೆಂಟು. ಪಕ್ಕದ ಮನೆಯ ನಾಟಿ ಹುಂಜ ಓಡಾಡುವ ಅಂಗಳದ್ದು. ಅದು ಮುಖ್ಯ. ಅಂಗಡಿಯ ಬಿಳಿ ಮೊಟ್ಟೆಯನ್ನು ಎಷ್ಟು ಕಾಯಿಸಿದರೂ ಮರಿ ಬರದು. ಪಂಜರದ ಲೇಯರ್ ಕೋಳಿ ಹುಂಜದ ಮುಖವನ್ನೇ ಕಂಡಿರುವುದಿಲ್ಲ. ‘ನಾಟಿ’ ಎಂದು ಪ್ಯಾಕೆಟ್ಟಿನಲ್ಲಿ ಬರುವ ಕಂದು ಮೊಟ್ಟೆಯದ್ದೂ ಬಹುಪಾಲು ಅದೇ ಹಣೆಬರಹ. ಏಳನೇ ದಿನ ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿದೆವು. ಹದಿನಾಲ್ಕರಲ್ಲಿ ಜೇಡನ ಬಲೆಯಂತೆ ಕೆಂಪು ನರ, ನಡುವೆ ಮಿಡಿಯುವ ಚುಕ್ಕಿ. ದೀದಿಗೆ ಮೂರು ಮಕ್ಕಳು, ಆದರೂ ಆ ಚುಕ್ಕಿ ನೋಡುತ್ತ ಬಹಳ ಹೊತ್ತು ನಿಂತಿದ್ದರು. 21ನೇ ದಿನ ಹನ್ನೊಂದು ಮರಿ. ಚಿಪ್ಪಿನಲ್ಲಿ ಮೊದಲ ಬಿರುಕು ಬಿಟ್ಟ ಮೇಲೂ ಮರಿ ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಸುಮ್ಮನಿರುತ್ತದೆ. ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಆಗ ಚಿಪ್ಪು ಬಿಡಿಸಿ ‘ಸಹಾಯ’ ಮಾಡಿದರೆ ರಕ್ತ ಹರಿದು ಸಾಯುತ್ತದೆ. ಆ ಹಳದಿಯ ಬಲದಿಂದಲೇ ಮರಿ ಎರಡು ದಿನ ಮೇವು ನೀರಿಲ್ಲದೆ ಇರಬಲ್ಲದು. ಹ್ಯಾಚರಿಗಳು ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಮರಿ ಕಳಿಸುವುದು ಇದೇ ಧೈರ್ಯದಲ್ಲಿ. ಹನ್ನೊಂದೂ ರಟ್ಟಿನ ಡಬ್ಬದಲ್ಲಿ ಮಧ್ಯಾಹ್ನದ ಕ್ಯಾನಿಂಗ್ ಲೋಕಲ್ ಹತ್ತಿದವು.

ಈಗ ಎದುರುವಾದ. ಬೆಲ್ಗಾಛಿಯಲ್ಲಿ 1893ರಲ್ಲಿ ಶುರುವಾದ ಪಶುವೈದ್ಯ ಕಾಲೇಜಿದೆ, ಈಗ ವಿಶ್ವವಿದ್ಯಾಲಯ. ಅಲ್ಲಿ ಓದಿದ ನನ್ನ ಪರಿಚಯದ ಡಾಕ್ಟರೊಬ್ಬರು ಹೇಳುತ್ತಾರೆ: ಹ್ಯಾಚರಿಯ ಮರಿಗೆ ಮೊದಲ ದಿನವೇ ಮಾರೆಕ್ಸ್ ಲಸಿಕೆ ಬಿದ್ದಿರುತ್ತದೆ, ನಿಮ್ಮ ಡಬ್ಬದ ಮರಿಗೆ ಏನಿದೆ? ಸರಿಯಾದ ಪ್ರಶ್ನೆ. ಕೊಕ್ಕರೆ ರೋಗದ ಲಸಿಕೆಯನ್ನಾದರೂ ಮೊದಲ ವಾರ ಕಣ್ಣಿಗೆ ಒಂದು ಹನಿ ಹಾಕಬೇಕು. ಲಸಿಕೆಯ ಸೀಸೆ ಕನಿಷ್ಠ ನೂರು ಡೋಸಿನದು, ತೆರೆದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹನ್ನೊಂದು ಮರಿಯ ಮನೆಗೆ ಅದು ಹೇಗೆ ಸಾಧ್ಯ? ಆದರೆ ಊರಿನ ಎಂಟು ಮನೆಗಳು ಒಂದೇ ದಿನ ಮರಿ ಮಾಡಿದರೆ ಸಾಧ್ಯ. ಈ ಕೆಲಸ ಗುಂಪಿನಿಂದ ಆಗಬೇಕು ಎಂದು ನಾನು ಹೇಳುವುದು ಅದಕ್ಕೇ. ಒಂದು ಪೆಟ್ಟಿಗೆ, ಒಂದು ತಾರೀಖು, ಒಂದು ಸೀಸೆ.

ಹಕ್ಕಿಜ್ವರದ ಮಾತೂ ಬರುತ್ತದೆ, ಬರಲೇಬೇಕು. 2008ರ ಜನವರಿಯಲ್ಲಿ ಬೀರ್‌ಭೂಮ್ ಮತ್ತು ದಕ್ಷಿಣ ದಿನಾಜ್‌ಪುರದಲ್ಲಿ ಕಾಣಿಸಿಕೊಂಡ ರೋಗ ಕೆಲವೇ ವಾರಗಳಲ್ಲಿ ಬಂಗಾಳದ 13 ಜಿಲ್ಲೆಗಳಿಗೆ ಹರಡಿತು. 30 ಲಕ್ಷಕ್ಕೂ ಹೆಚ್ಚು ಹಕ್ಕಿಗಳನ್ನು ಕೊಂದರು, ಬಹುಪಾಲು ಹಿತ್ತಿಲಿನವು. ಹಿತ್ತಿಲ ಕೋಳಿಯೇ ರೋಗದ ಬೀಡು ಎಂಬ ಮಾತು ಅಂದಿನಿಂದ ಗಟ್ಟಿಯಾಯಿತು. ಆದರೆ 2012ರ ಅಕ್ಟೋಬರಿನಲ್ಲಿ ನಮ್ಮ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೇ ಟರ್ಕಿ ಕೋಳಿಗಳಿಗೆ ಅದೇ ರೋಗ ಬಂತು. ಬೇಲಿ, ಕಾವಲು, ಡಾಕ್ಟರು ಎಲ್ಲ ಇದ್ದ ಜಾಗ. ರೋಗ ಹಿತ್ತಿಲನ್ನೇ ಹುಡುಕಿಕೊಂಡು ಬರುವುದಿಲ್ಲ. ಬಂದಾಗ ಮಾತ್ರ ಹಿತ್ತಿಲಿನವರು ಪೂರ್ತಿ ಬರಿಗೈಯಾಗುತ್ತಾರೆ, ಮತ್ತೆ ಶುರು ಮಾಡಲು ಮರಿ ಎಲ್ಲಿಂದ ಎಂಬ ಪ್ರಶ್ನೆ ಅವರಿಗೇ ಉಳಿಯುತ್ತದೆ.

ಹುಂಜದ ಮಾತು ಆಡದೆ ಈ ಹವ್ಯಾಸದ ಬಗ್ಗೆ ಬರೆಯುವುದು ಅಪ್ರಾಮಾಣಿಕ. ಇಟ್ಟ ಮೊಟ್ಟೆಗಳಲ್ಲಿ ಅರ್ಧ ಹುಂಜ. ಯಾವ ಟಾರ್ಚೂ ಅದನ್ನು ಮೊದಲೇ ತೋರಿಸುವುದಿಲ್ಲ. ಮೊಟ್ಟೆ ಉದ್ಯಮದಲ್ಲಿ ಗಂಡು ಮರಿಯನ್ನು ಹುಟ್ಟಿದ ದಿನವೇ ಮುಗಿಸುತ್ತಾರೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ನಮ್ಮಲ್ಲಿ ಅವುಗಳಲ್ಲಿ ಕೆಲವು ಗುಲಾಬಿ, ಹಸಿರು ಬಣ್ಣ ಬಳಿಸಿಕೊಂಡು ಜಾತ್ರೆಯಲ್ಲಿ ಮಕ್ಕಳ ಕೈ ಸೇರುತ್ತವೆ, ಎರಡು ದಿನ ಬದುಕುತ್ತವೆ. ಇಲ್ಲಿ ಭಾನುವಾರ ಬೆಳಿಗ್ಗೆ ಬಾಗ್‌ಬಜಾರಿನ ಗ್ಯಾಲಿಫ್ ಸ್ಟ್ರೀಟ್ ಸಂತೆಗೆ ಹೋದರೆ ಪಾರಿವಾಳ, ಬಣ್ಣದ ಮೀನು, ನಾಯಿಮರಿಗಳ ನಡುವೆ, ಸಾಕಿ ಬೇಸತ್ತವರು ತಂದ ಹಕ್ಕಿಗಳೂ ಕಣ್ಣಿಗೆ ಬೀಳುತ್ತವೆ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಪೆಟ್ಟಿಗೆಯ ಸ್ವಿಚ್ ಹಾಕುವವರು ಬೆಳಗಿನ ನಾಲ್ಕಕ್ಕೆ ಕೂಗುವ ಹುಂಜವನ್ನು ಏನು ಮಾಡುವುದೆಂದು ಮೊದಲು ಹೇಳಲಿ, ಆಮೇಲೆ ಮೊಟ್ಟೆ ಕೊಳ್ಳಲಿ. ಹೇಳಲಾಗದಿದ್ದರೆ ಮಕ್ಕಳನ್ನು ಊರಿಗೆ ಕರೆದೊಯ್ದು ಕಾವಿಗೆ ಕೂತ ಹ್ಯಾಟೆ ತೋರಿಸುವುದು ಒಳ್ಳೆಯದು. ದೀದಿಯ ಊರಿನಲ್ಲಿ ಹುಂಜ ಸಮಸ್ಯೆಯೇ ಅಲ್ಲ. ನಾಟಿ ಹುಂಜಕ್ಕೆ ಅಲ್ಲಿ ಹ್ಯಾಟೆಗಿಂತ ಹೆಚ್ಚು ಬೆಲೆ.

ಸರ್ಕಾರದಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ನೂರು ಮರಿ ಹಂಚುವ ಕಡೆ ಒಂದು ಐವತ್ತು ಮೊಟ್ಟೆಯ ಪೆಟ್ಟಿಗೆ ಮತ್ತು ಶುದ್ಧ ತಳಿಯ ಎರಡು ಹುಂಜ ಕೊಡಲಿ. ಮಿಶ್ರತಳಿಯ ಬದಲು ತನ್ನ ಗುಣವನ್ನು ಮುಂದಿನ ಪೀಳಿಗೆಗೆ ದಾಟಿಸಬಲ್ಲ ತಳಿ ಕೊಡಲಿ. ರೋಡ್ ಐಲ್ಯಾಂಡ್ ರೆಡ್‌ಗೆ ಆ ಅನುಕೂಲ ಇದೆ, ಕಾವು ಕೊಡುವವರು ಬೇಕು ಅಷ್ಟೇ. ಅದಕ್ಕಾಗಿ ಪ್ರತಿ ಮನೆಯಲ್ಲೂ ಒಂದೆರಡು ನಾಟಿ ಹ್ಯಾಟೆ ಉಳಿಯಲಿ. ಬಂಗಾಳದ ನದಿಯಾ, ಉತ್ತರ 24 ಪರಗಣದಲ್ಲಿ ಹರಿಣಘಾಟಾ ಬ್ಲ್ಯಾಕ್ ಎಂಬ ಕಪ್ಪು ಕೋಳಿ ಇದೆ, ರಾಷ್ಟ್ರೀಯ ಪಟ್ಟಿಯಲ್ಲಿ ನೋಂದಾಯಿಸಿದ ತಳಿ. ಕರ್ನಾಟಕ ಮತ್ತು ಆಂಧ್ರದ ಗಡಿಯಲ್ಲಿ ಘಾಗಸ್ ಇದೆ, ಅದೂ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಕೋಳಿ ಉಳಿಯದು, ಯಾರದಾದರೂ ಮಂಕರಿಯಲ್ಲಿ ಅದು ಕೂತಿರಬೇಕು.

ಕಳೆದ ಮಾಘದಲ್ಲಿ ಪೆಟ್ಟಿಗೆ ಕ್ಯಾನಿಂಗ್ ಕಡೆಗೆ ಹೋಯಿತು. ಈಗ ಅದು ದೀದಿಯ ಗುಂಪಿನ ಒಬ್ಬ ಹೆಂಗಸಿನ ಮನೆಯಲ್ಲಿದೆ, ಇನ್ವರ್ಟರ್ ಇರುವ ಮನೆಯೆಂದು. ಮರಿಯಲ್ಲಿ ಪಾಲು ಹೇಗೆ ಎಂದು ಕೇಳಿದೆ. ಪೆಟ್ಟಿಗೆ ಇಟ್ಟುಕೊಂಡವಳಿಗೆ, ಕರೆಂಟ್ ಬಿಲ್ಲಿಗೆಂದು, ಐದಕ್ಕೊಂದು. ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಗಳನ್ನು ರಾತ್ರಿ ಕತ್ತಲಲ್ಲಿ ಕಾವಿಗೆ ಕೂತ ನಾಟಿ ಹ್ಯಾಟೆಯ ಕೆಳಗೆ ತಳ್ಳಿಬಿಡುತ್ತಾರಂತೆ, ಬೆಳಗಾಗುವ ಹೊತ್ತಿಗೆ ಅವು ಅದರ ಮರಿಗಳು. ಹದ್ದಿನಿಂದ ಕಾಯುವ ಕೆಲಸ ಪೆಟ್ಟಿಗೆಗೆ ಬರುವುದಿಲ್ಲವಲ್ಲ. ಮೊನ್ನೆ ದೀದಿ ಬಾತುಕೋಳಿ ಮೊಟ್ಟೆಯ ವಿಷಯ ತೆಗೆದರು. ಅವರ ಊರಿನಲ್ಲಿ ಕೆರೆ ಹೆಚ್ಚು, ಇಲ್ಲಿ ಬಾತಿನ ಮೊಟ್ಟೆಗೆ ಗಿರಾಕಿಯೂ ಹೆಚ್ಚು. 28 ದಿನ ಬೇಕು, ಎರಡನೇ ವಾರದಿಂದ ದಿನಕ್ಕೊಮ್ಮೆ ತೆಗೆದು ಹದವಾದ ನೀರು ಚಿಮುಕಿಸಬೇಕು, ಬಾತು ಒದ್ದೆ ಮೈಯಲ್ಲಿ ಗೂಡಿಗೆ ಮರಳುವ ಹಾಗೆ ಎಂದೆ. ‘ಅದು ನನಗೆ ಗೊತ್ತು ದಾದಾ, ನೀವು ಮೀಟರ್ ಎಷ್ಟಕ್ಕೆ ಇಡಬೇಕು ಅದನ್ನ ಹೇಳಿ’ ಎಂದರು. 37.5 ಎಂದು ಹಾಲಿನ ಪ್ಯಾಕೆಟ್ಟಿನ ಮೇಲೆ ಬರೆದು ಕೊಟ್ಟೆ.